ಯುಜಿಡಿಗೆ ಮೊದಲು ನೀರು ಬೇಕು

ಸಣ್ಣ ಪಟ್ಟಣಕ್ಕೆ ಯುಜಿಡಿ, ಅಂದರೆ ಒಳಚರಂಡಿ, ಮಂಜೂರಾಯಿತು ಎಂದರೆ ಊರಿಗೆ ಊರೇ ಖುಷಿಪಡುತ್ತದೆ. ಬೀದಿ ಅಗೆಯುತ್ತಾರೆ, ಪೈಪು ಹೂಳುತ್ತಾರೆ, ಮ್ಯಾನ್‌ಹೋಲ್‌ಗೆ ಮುಚ್ಚಳ ಕೂರಿಸುತ್ತಾರೆ. ಆದರೆ ಶೌಚಾಲಯದಿಂದ ಬೀದಿಯ ಚೇಂಬರ್‌ವರೆಗಿನ ಹತ್ತಡಿ ಪೈಪು ಎಷ್ಟೋ ಕಡೆ ಮನೆಯವರ ತಲೆಗೇ ಬರುತ್ತದೆ. ಅಂಗಳದ ಕಲ್ಲು ಎಬ್ಬಿಸಬೇಕು, ಪ್ಲಂಬರ್‌ಗೆ ಕೂಲಿ ಕೊಡಬೇಕು, ಪುರಸಭೆಗೆ ಶುಲ್ಕ ಕಟ್ಟಬೇಕು. ಶೌಚದ ಪಿಟ್ ಇನ್ನೂ ತುಂಬಿಲ್ಲದವರು ‘ಆಮೇಲೆ ನೋಡೋಣ’ ಎಂದು ಸುಮ್ಮನಾಗುತ್ತಾರೆ. ಕೋಟಿಗಟ್ಟಲೆ ಹಣದ ಪೈಪು ಒಣಗಿ ಮಲಗುತ್ತದೆ.

ಸಂಪರ್ಕ ಕೊಟ್ಟರೂ ಮುಗಿಯಲಿಲ್ಲ. ಒಳಚರಂಡಿ ತನ್ನನ್ನು ತಾನೇ ತೊಳೆದುಕೊಳ್ಳಬೇಕಾದರೆ ಹರಿವು ಸೆಕೆಂಡಿಗೆ ಸುಮಾರು 0.6 ಮೀಟರ್ ಇರಬೇಕು. ಅದಕ್ಕೇ ಒಳಚರಂಡಿ ಇರುವ ಊರಿಗೆ ದಿನಕ್ಕೆ ತಲಾ 135 ಲೀಟರ್ ನೀರು ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಜನ ಶೌಚಕ್ಕೂ ಅಳೆದು ನೀರು ಸುರಿಯುತ್ತಾರೆ. ಮಲ ಪೈಪಿನಲ್ಲೇ ಕೂರುತ್ತದೆ, ಮ್ಯಾನ್‌ಹೋಲ್ ಉಕ್ಕುತ್ತದೆ. ಆಗ ಒಳಗೆ ಇಳಿಸುವುದು ಯಾರನ್ನು ಎಂಬುದು ನಮಗೆಲ್ಲ ಗೊತ್ತು. ಸುರಕ್ಷತೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ವಿರುದ್ಧದ ಕಾಯ್ದೆ ನಿಷೇಧಿಸಿದೆ, ಆದರೂ ಸಾವುಗಳು ನಿಂತಿಲ್ಲ.

2021ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರದ ಅಮೃತ್ 2.0 ಯೋಜನೆ ಎಲ್ಲ ಪಟ್ಟಣಗಳಿಗೂ ನಲ್ಲಿ ನೀರಿನ ಭರವಸೆ ಕೊಟ್ಟಿತು. ಒಳಚರಂಡಿಯ ಗುರಿಯನ್ನು ಮಾತ್ರ ಹಿಂದಿನ ಅಮೃತ್ ಯೋಜನೆಯ 500 ನಗರಗಳಿಗೇ ಇಟ್ಟುಕೊಂಡಿತು. ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಕೊಳಚೆ ನೀರು ಸ್ವಚ್ಛ ಭಾರತ್ ಎರಡನೇ ಹಂತದ ಪಾಲಿಗೆ ಬಂತು. ಈ ಊರುಗಳಿಗೆ ನಗರದ ನಕಲು ಬೇಕಿಲ್ಲ ಎಂಬುದಕ್ಕೆ ನಮ್ಮ ದೇವನಹಳ್ಳಿಯೇ ಸಾಕ್ಷಿ. ಮೊದಲು ಅಲ್ಲಿ ಪಿಟ್ ಖಾಲಿ ಮಾಡಿದ ಸಕ್ಕಿಂಗ್ ಲಾರಿ ಹೊಲದಲ್ಲೋ ಹಳ್ಳದ ಬದಿಯಲ್ಲೋ ಸುರಿದು ಬರುತ್ತಿತ್ತು. 2015ರಲ್ಲಿ ಪುರಸಭೆ ಮತ್ತು ಸಿಡಿಡಿ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಕಟ್ಟಿದವು. ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಲಾರಿ ತಂದದ್ದು ಜಾಲರಿಯಲ್ಲಿ ಸೋಸಿ ಇಳಿಜಾರಿನಲ್ಲೇ ಒಂದರಿಂದ ಮತ್ತೊಂದು ತೊಟ್ಟಿಗೆ ಇಳಿಯುತ್ತದೆ. ಕೊನೆಗೆ ಮರಳು, ಜಲ್ಲಿ ಹಾಸಿನ ಮೇಲೆ ಒಣಗಿದ ಗಸಿ ಊರಿನ ಹಸಿ ಕಸದೊಂದಿಗೆ ಸೇರಿ ಗೊಬ್ಬರವಾಗುತ್ತದೆ.

ಪುರಸಭೆಗಳಲ್ಲಿ ಯೋಜನಾ ವರದಿ ಸಿದ್ಧವಾಗುವಾಗಲೇ ಸದಸ್ಯರು ಕೇಳಬೇಕಾದದ್ದು ಇಷ್ಟು: ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ? ಮನೆ ಸಂಪರ್ಕದ ಖರ್ಚು ಅಂದಾಜಿನಲ್ಲಿ ಇದೆಯೇ? ಪಂಪಿನ ಕರೆಂಟು ಬಿಲ್ಲನ್ನು, ಪೈಪು ತೊಳೆಯುವ ಜೆಟ್ಟಿಂಗ್ ಯಂತ್ರದ ಡೀಸೆಲ್ ಖರ್ಚನ್ನು ಹತ್ತು ವರ್ಷ ಯಾರು ಕಟ್ಟುತ್ತಾರೆ? ಇದಕ್ಕೆ ಲಿಖಿತ ಉತ್ತರ ಸಿಗುವವರೆಗೆ ಟೆಂಡರ್ ಕರೆಯಬಾರದು.