ಮಾತು ತಿಳಿಯದ ನಾಡಿಗೆ ಹೋಗುವವರಿಗೆ ಕೆಲವು ಮಾತುಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಕೇಳದವರು ನಮ್ಮ ಸೀಮೆಯಲ್ಲಿ ಇಲ್ಲ. ಆದರೆ ಈ ಎರಡರೊಳಗೆ ಯಾವುದು ಮೊದಲು ಆಗತಕ್ಕದ್ದೆಂಬುದನ್ನು ಗಾದೆಯು ಹೇಳುವುದಿಲ್ಲ. ಹಿಂದೆ ಮುದಗಲ್ಲಿನ ಹೆಣ್ಣುಮಕ್ಕಳು ಲಿಂಗಸುಗೂರು, ರಾಯಚೂರುಗಳ ಆಚೆಗೆ ಪ್ರಯಾಣಮಾಡುವುದೇ ಅಪರೂಪವಾಗಿತ್ತು. ಈಗಲಾದರೋ ನಮ್ಮ ಶಾಲೆಯಲ್ಲಿ ಕಲಿತವರೊಳಗೆ ದಾದಿಯರಾಗಿ ಕೊಲ್ಲಿಯ ದೇಶಗಳಿಗೂ ಜರ್ಮನಿಗೂ ಹೋಗುವವರುಂಟು; ಮದುವೆಯಾಗಿ ಗಂಡನ ಸಂಗಡ ಕಡಲಾಚೆಗೆ ಹೋಗುವವರೂ ಉಂಟು. ಅವರು ಹೊರಡುವ ಮುಂಚೆ ನಮ್ಮನ್ನು ಕಾಣಲು ಬಂದು, “ಅಕ್ಕಾವರೇ, ಅಲ್ಲಿಯ ಮಾತು ನಮಗೆ ಬಾರದು, ಹೇಗೆ ನಡಕೊಳ್ಳೋಣ?” ಎಂದು ಕೇಳುತ್ತಾರೆ. ಬಾಗಿಲ ಬಳಿಯಲ್ಲಿ ನಿಂತ ತಾಯಿಯ ಮುಖದಲ್ಲಿಯೂ ಅದೇ ಪ್ರಶ್ನೆ ಇರುತ್ತದೆ. ಆ ಪ್ರಶ್ನೆಗೆ ನಮಗೆ ತಿಳಿದಷ್ಟು ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಮಾತು ತಿಳಿಯದಿರುವುದರ ಕಷ್ಟವನ್ನು ಅರಿಯುವುದಕ್ಕೆ ಕಡಲನ್ನು ದಾಟಬೇಕಾಗಿಲ್ಲ. ಮುದಗಲ್ಲು 1948ನೆಯ ಇಸವಿಯ ತನಕ ಹೈದರಾಬಾದಿನ ನಿಜಾಮರ ರಾಜ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ರಾಜ್ಯದಲ್ಲಿ ಸರಕಾರದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಆಗ ಪಾಠಗಳು ನಡೆದದ್ದು ಉರ್ದುವಿನಲ್ಲಿಯೇ. ಕನ್ನಡ ಮಾತ್ರ ಬಲ್ಲ ಒಕ್ಕಲಿಗನು ತನ್ನ ಊರಿನ ಸಂತೆಯಲ್ಲಿ ನೆರೆಮನೆಯ ಮುಸಲ್ಮಾನರ ಸಂಗಡ ಅರೆ ಕನ್ನಡ ಅರೆ ದಖನಿಯಲ್ಲಿ ವ್ಯಾಪಾರಮಾಡಿ ಸುಖವಾಗಿ ಮನೆಗೆ ಬರುತ್ತಿದ್ದನು. ಅದೇ ಒಕ್ಕಲಿಗನಿಗೆ ತನ್ನ ಹೊಲದ ವಿಷಯವಾಗಿ ಕಚೇರಿಯಿಂದ ಒಂದು ಕಾಗದ ಬಂದರೆ, ಅದನ್ನು ಓದಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಓದಿ ಹೇಳುವವನು ಸತ್ಯವಂತನಾದರೆ ಹೊಲ ಉಳಿಯಿತು; ಇಲ್ಲವಾದರೆ ದೇವರೇ ಗತಿ.

ನಮ್ಮ ಹಿರಿಯರ ಈ ಅನುಭವದಲ್ಲಿ ಒಂದು ದೊಡ್ಡ ಪಾಠವುಂಟು. ಮಾತು ಬಾರದಿರುವುದು ಎಲ್ಲ ಸ್ಥಳಗಳಲ್ಲಿಯೂ ಒಂದೇ ತೂಕದ ಕೊರತೆಯಲ್ಲ. ಸಂತೆಯಲ್ಲಿ ಅದು ಸಣ್ಣ ಅಡಚಣೆ. ಆಸ್ಪತ್ರೆಯಲ್ಲಿ ದೊಡ್ಡ ಅಡಚಣೆ. ಸಹಿ ಹಾಕಬೇಕಾದ ಕಾಗದದ ಮುಂದೆ ಅಪಾಯ. ಪರದೇಶಕ್ಕೆ ಹೋಗುವವರು ಈ ಮೂರನ್ನು ಬೇರೆಬೇರೆಯಾಗಿ ಎಣಿಸಿ, ಪ್ರತಿಯೊಂದಕ್ಕೂ ತಕ್ಕ ಸಿದ್ಧತೆಯನ್ನು ಮಾಡಿಕೊಳ್ಳಬೇಕು.

ಮೊದಲು ಸಂತೆಯ ವಿಷಯ. ಬೇಕಾದ ವಸ್ತುವನ್ನು ಬೆರಳಿನಿಂದ ತೋರಿಸಿ, ಹಣವನ್ನು ಎಣಿಸಿ ಕೊಟ್ಟು, ನಕ್ಕು ಬರುವುದು ಎಲ್ಲ ನಾಡುಗಳಲ್ಲಿಯೂ ಸಾಧ್ಯ. ಆದರೂ ಸನ್ನೆಗಳೆಲ್ಲ ಲೋಕಕ್ಕೆ ಸಮಾನವೆಂದು ನಂಬಬಾರದು. ನಾವು ಒಪ್ಪಿಗೆಗಾಗಿ ತಲೆಯನ್ನು ಆಚೆ ಈಚೆ ವಾಲಿಸುವುದನ್ನು ಯುರೋಪಿನವರು ಹೆಚ್ಚಾಗಿ “ಇಲ್ಲ” ಎಂದು ತಿಳಿದುಕೊಳ್ಳುತ್ತಾರೆ. ಬಲ್ಗೇರಿಯದಲ್ಲಿಯಾದರೋ ತಲೆಯನ್ನು ಮೇಲೆ ಕೆಳಗೆ ಆಡಿಸಿದರೇ “ಇಲ್ಲ” ಎಂದರ್ಥ. ಆದ್ದರಿಂದ ಹೌದು, ಇಲ್ಲ ಎಂಬ ಎರಡು ಶಬ್ದಗಳನ್ನಾದರೂ ಆ ನಾಡಿನ ಬಾಯಿಯಿಂದಲೇ ಕಲಿತಿರಬೇಕು. ಬೆಲೆಯನ್ನು ಕೇಳುವಾಗ ಕಿವಿಯನ್ನು ನಂಬದೆ ಕಾಗದದ ಮೇಲೆ ಬರೆಯಿಸುವುದು ಲೇಸು. ಅಂಕಿಗಳಲ್ಲಿಯೂ ಎಚ್ಚರಿಕೆ ಬೇಕು. ಅನೇಕ ಅರಬ್ಬಿ ದೇಶಗಳ ಬರೆಹದಲ್ಲಿ ಐದರ ಅಂಕಿಯು ನಮ್ಮ ಕನ್ನಡದ ಸೊನ್ನೆಯಂತೆ ಉರುಟಾಗಿರುತ್ತದೆ. ಅವರ ಸೊನ್ನೆಯು ಬರಿಯ ಒಂದು ಚುಕ್ಕೆ. ಇದನ್ನರಿಯದವಳು ಐವತ್ತನ್ನು ಏನೆಂದು ಓದಿಯಾಳು? ಹತ್ತು ಅಂಕಿಗಳನ್ನು ಕಲಿಯುವುದಕ್ಕೆ ಒಂದು ಸಂಜೆ ಸಾಕು.

ಎರಡನೆಯದು ಆಸ್ಪತ್ರೆ. ರೋಗಿಯಾಗಿ ಹೋಗುವವಳು ತನ್ನ ಹೆಸರು, ರಕ್ತದ ಗುಂಪು, ತನಗಿರುವ ಕಾಯಿಲೆ, ಸೇವಿಸುವ ಔಷಧಗಳು, ಮೈಗೆ ಒಗ್ಗದ ಔಷಧಗಳು ಇವನ್ನು ಇಂಗ್ಲಿಷಿನಲ್ಲಿಯೂ ಆ ನಾಡಿನ ಭಾಷೆಯಲ್ಲಿಯೂ ಬರೆಯಿಸಿ ಸದಾ ಹತ್ತಿರ ಇಟ್ಟುಕೊಳ್ಳಬೇಕು. ಅಲ್ಲಿಯ ಶಾಲೆಗೆ ಹೋಗುವ ಚಿಕ್ಕ ಮಕ್ಕಳು ತಾಯಿಗಿಂತ ಬೇಗನೆ ಭಾಷೆಯನ್ನು ಕಲಿಯುವದರಿಂದ ಅವರನ್ನೇ ದುಭಾಷಿಗಳನ್ನಾಗಿ ವೈದ್ಯರ ಬಳಿಗೆ ಕರೆದುಕೊಂಡು ಹೋಗುವ ವಾಡಿಕೆಯುಂಟು. ಇದು ಒಳ್ಳೆಯದಲ್ಲ. ತಾಯಿಯ ದೇಹದ ಕಷ್ಟವನ್ನು ಹೇಳುವ ಹೊರೆಯನ್ನು ಮಗುವಿನ ಮೇಲೆ ಹಾಕಬಾರದು. ತಿಳಿಯದ ಶಬ್ದವನ್ನು ಮಗುವು ಬಿಟ್ಟುಬಿಡಲೂಬಹುದು. ದುಭಾಷಿಗಳು ಬೇಕೆಂದು ಕೇಳುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ದಾದಿಯಾಗಿ ಹೋಗುವವಳ ಸಂಗತಿ ಬೇರೆ. ಇತರರ ಪ್ರಾಣವು ಅವಳ ಕಿವಿಯನ್ನು ನಂಬಿರುತ್ತದೆ. ಜರ್ಮನಿಯಲ್ಲಿ ಪೂರ್ಣ ಅಧಿಕಾರವುಳ್ಳ ದಾದಿಯೆಂದು ಅಂಗೀಕಾರ ಪಡೆಯುವುದಕ್ಕೆ ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ-2 ಎಂಬ ಮೆಟ್ಟಲಿನ ಪರೀಕ್ಷೆಯನ್ನು ಕೇಳುತ್ತಾರೆ. ಯುರೋಪಿನವರು ಭಾಷಾಜ್ಞಾನವನ್ನು ಅಳೆಯುವ ಆರು ಮೆಟ್ಟಲುಗಳಲ್ಲಿ ಇದು ನಾಲ್ಕನೆಯದು. ಇದನ್ನು ಕೆಲವು ತಂದೆಗಳು ಹಣ ಸುಲಿಯುವ ತೊಡಕೆಂದು ಗೊಣಗುವುದನ್ನು ಕೇಳಿದ್ದೇವೆ. “ಎದೆ ಬಿಗಿಯುತ್ತದೆ” ಎಂದು ಮುದುಕಿಯೊಬ್ಬಳು ನರಳಿದಾಗ ಅರ್ಥವಾಗದ ದಾದಿಯು ಏನು ಮಾಡಿಯಾಳೆಂದು ಅವರು ಯೋಚಿಸಲಿ.

ಕೊಲ್ಲಿಯ ಒಂದು ಪಟ್ಟಣದಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಾಗ ತನ್ನ ಶಬ್ದಗಳ ಪುಸ್ತಕವನ್ನು ನಮಗೆ ತೋರಿಸಿದಳು. ಅರಬ್ಬಿ ಶಬ್ದಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ಅಲಮ್ ಎಂದರೆ ನೋವು, ಮಾಯ್ ಎಂದರೆ ನೀರು, ವೇನ್ ಎಂದರೆ ಎಲ್ಲಿ. ಹೀಗೆ ರೋಗಿಯ ಮಂಚದ ಬಳಿಯಲ್ಲಿ ಮೊದಲು ಬೇಕಾದವುಗಳೇ ಮೊದಲ ಪುಟದಲ್ಲಿದ್ದವು. ಕೆಲವು ಶಬ್ದಗಳ ಕೆಳಗೆ ಗೆರೆ ಎಳೆದಿದ್ದಳು: ದವಾ, ಕಿತಾಬ್, ಹಕ್, ವಕೀಲ್, ತಾರೀಖ್. “ಇವು ನಮ್ಮ ಓಣಿಯಲ್ಲಿಯೇ ಇದ್ದವಲ್ಲ, ಅಕ್ಕಾವರೇ,” ಎಂದಳು. ನಿಜವೇ. ಔಷಧಕ್ಕೆ ದವಾ, ಪುಸ್ತಕಕ್ಕೆ ಕಿತಾಬ್ ಎಂದು ದಖನಿಯವರು ಅನ್ನುತ್ತಾರೆ. ಹಕ್ಕು, ವಕೀಲ, ತಾರೀಖು ಎಂಬವು ಎಂದೋ ಕನ್ನಡದವೇ ಆಗಿವೆ. ಇವೆಲ್ಲ ಅರಬ್ಬಿಯಿಂದ ಪಾರಸಿ, ಉರ್ದುಗಳ ದಾರಿಯಾಗಿ ನಮ್ಮಲ್ಲಿಗೆ ಬಂದವು. ಅದೇ ಪ್ರಕಾರ ಪಾದ್ರಿ, ಇಗರ್ಜಿ, ಚಾವಿ, ಬಟಾಟೆ ಎಂಬ ಶಬ್ದಗಳು ಪೋರ್ಚುಗೀಸರಿಂದ ಬಂದವು. ಕನ್ನಡ, ದಖನಿ, ತೆಲುಗುಗಳನ್ನು ಕೇಳುತ್ತ ಬೆಳೆದ ಮುದಗಲ್ಲಿನ ಹುಡುಗಿಯ ಕಿವಿಯು ಬರಿದಾಗಿಲ್ಲ. ಇದು ಅವಳಿಗೆ ಧೈರ್ಯ ಕೊಡತಕ್ಕ ಸಂಗತಿ.

ಮೂರನೆಯದು ಕಾಗದ. ಇದರಲ್ಲಿ ಧೈರ್ಯಕ್ಕಿಂತಲೂ ಎಚ್ಚರವೇ ಮುಖ್ಯ. ಇನ್ನೊಬ್ಬ ವಿದ್ಯಾರ್ಥಿನಿಗೆ ಆಸ್ಪತ್ರೆಯ ಕೆಲಸವೆಂದು ಹೇಳಿ ಕರೆದುಕೊಂಡು ಹೋದ ಮೇಲೆ, ಅಲ್ಲಿ ಅರಬ್ಬಿಯಲ್ಲಿದ್ದ ಕರಾರು ಪತ್ರವನ್ನು ಮುಂದಿಟ್ಟು ಸಹಿ ಹಾಕೆಂದರು. ಅವಳು ಅಳಲಿಲ್ಲ, ಜಗಳವಾಡಲೂ ಇಲ್ಲ. ತಾನು ಓದಲಾರದ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಮೂರು ದಿನ ಹೇಳುತ್ತಲೇ ಇದ್ದಳು. ನಾಲ್ಕನೆಯ ದಿನ ಕೇರಳದ ದಾದಿಯೊಬ್ಬಳು ಅದನ್ನು ಓದಿಸಿ ತಿಳಿಸಿದಾಗ, ಅದರಲ್ಲಿ ಮನೆಗೆಲಸದ ಮಾತು ಬರೆದಿತ್ತು. ಕೈಬರೆಹ ಬಿದ್ದಿದ್ದರೆ ಎರಡು ವರ್ಷಗಳು ಹೋಗುತ್ತಿದ್ದವು. ಅರಬ್ಬಿ ನಾಡುಗಳ ನ್ಯಾಯಸ್ಥಾನಗಳಲ್ಲಿ, ಕರಾರು ಎರಡು ಭಾಷೆಗಳಲ್ಲಿದ್ದು ಭೇದ ಕಂಡುಬಂದರೆ, ಸಾಮಾನ್ಯವಾಗಿ ಅರಬ್ಬಿಯಲ್ಲಿ ಬರೆದದ್ದೇ ಪ್ರಮಾಣ. ಇಂಗ್ಲಿಷಿನ ಪಾಠವನ್ನು ಓದಿದೆನೆಂದು ನೆಮ್ಮದಿಯಿಂದಿರಬಾರದು.

ಈ ವಿಷಯದಲ್ಲಿ ತಂದೆತಾಯಿಗಳು ಊರಿನಲ್ಲಿಯೇ ಮಾಡತಕ್ಕ ಕೆಲಸವುಂಟು. 1983ರ ವಲಸೆ ಅಧಿನಿಯಮದ ಮೇರೆಗೆ, ಪರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ದಲ್ಲಾಳಿಯು ಸರಕಾರದಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ನೋಂದಣಿಯ ಪತ್ರವನ್ನು ತೋರಿಸೆಂದು ಕೇಳಿರಿ. ತೋರಿಸದವನ ಸಂಗಡ ಮಗಳನ್ನು ಕಳುಹಿಸಬೇಡಿರಿ. ಹತ್ತನೆಯ ತರಗತಿಯನ್ನು ಮುಗಿಸದವರು ಕೊಲ್ಲಿಯ ನಾಡುಗಳೇ ಮುಂತಾದ ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆಗಾರರ ರಕ್ಷಣಾಧಿಕಾರಿಯ ಒಪ್ಪಿಗೆಯೂ ಬೇಕು. ಪಾಸ್‌ಪೋರ್ಟಿನ ಮತ್ತು ಕರಾರಿನ ಒಂದೊಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ. ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ವಿಳಾಸವನ್ನೂ ಫೋನಿನ ಅಂಕಿಗಳನ್ನೂ ಮಗಳು ಬಾಯಿಪಾಠ ಮಾಡಿರಲಿ. ಕಾಗದವು ಕಳೆದುಹೋಗಬಹುದು, ಬಾಯಿಪಾಠವನ್ನು ಯಾರೂ ಕಸಿದುಕೊಳ್ಳಲಾರರು. ಪರದೇಶದವರನ್ನು ಬಂಧಿಸಿದಾಗ, ಅವರು ಬೇಕೆಂದರೆ ಅವರ ದೇಶದ ಪ್ರತಿನಿಧಿಗಳಿಗೆ ತಿಳಿಸಬೇಕೆಂದು 1963ರ ವಿಯೆನ್ನಾ ಒಡಂಬಡಿಕೆಯು ವಿಧಿಸುತ್ತದೆ. 1966ರ ಇನ್ನೊಂದು ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಒಪ್ಪಿದ ದೇಶಗಳಲ್ಲಿ, ಆಪಾದನೆಗೆ ಗುರಿಯಾದವರಿಗೆ ನ್ಯಾಯಸ್ಥಾನದ ಭಾಷೆ ತಿಳಿಯದಿದ್ದರೆ ಹಣವಿಲ್ಲದೆ ದುಭಾಷಿಯನ್ನು ಒದಗಿಸಬೇಕು. ಮಾತು ಬಾರದವರಿಗೂ ನ್ಯಾಯವುಂಟೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಈಗ ಫೋನು ಇರುವಾಗ ಇಷ್ಟು ಚಿಂತೆ ಏಕೆಂದು ಕೆಲವರು ಕೇಳಿಯಾರು. ಫೋನು ಕನ್ನಡವನ್ನು ಜರ್ಮನಿಗೂ ಅರಬ್ಬಿಗೂ ತಿರುಗಿಸುವುದು ದೊಡ್ಡ ಉಪಕಾರವೇ ಸರಿ. ಬಸ್ಸಿನ ಫಲಕವನ್ನು ಓದುವುದಕ್ಕೂ ಅಂಗಡಿಯಲ್ಲಿ ಮಾತಾಡುವುದಕ್ಕೂ ಅದನ್ನು ಧಾರಾಳವಾಗಿ ಉಪಯೋಗಿಸಿರಿ. ಆದರೆ ಔಷಧದ ಅಳತೆಗೂ ಕರಾರಿನ ಷರತ್ತಿಗೂ ಅದೊಂದನ್ನೇ ನೆಚ್ಚಬೇಡಿರಿ. ಅದು ತಪ್ಪನ್ನು ಹೇಳುವಾಗಲೂ ಸರಿಯನ್ನು ಹೇಳುವಷ್ಟೇ ಧೈರ್ಯದಿಂದ ಹೇಳುತ್ತದೆ.

ನಾವು ಪರದೇಶಕ್ಕೆ ಹೋಗುವ ಹಾಗೆಯೇ ಪರದೇಶದವರು ನಮ್ಮ ನಾಡಿಗೆ ಮಾತು ಬಾರದೆ ಬಂದದ್ದೂ ಉಂಟು. ಅವರು ಕಲಿತ ರೀತಿಯು ನಮಗೆ ಉಪಯುಕ್ತವಾಗಿದೆ. 1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬವರು ನಮ್ಮ ನೆರೆಯ ಬಳ್ಳಾರಿಗೆ ಬಂದಾಗ ಕನ್ನಡದ ವ್ಯಾಕರಣವೊಂದೂ ಅಚ್ಚಾಗಿರಲಿಲ್ಲ. ವಿಲಿಯಂ ಕೇರಿಯವರ ವ್ಯಾಕರಣವು ಶ್ರೀರಾಮಪುರದಲ್ಲಿ ಹೊರಬಿದ್ದದ್ದು 1817ರಲ್ಲಿ. ಬಳ್ಳಾರಿಯಲ್ಲಿಯೇ ಇದ್ದ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷು ಕೋಶವು 1832ರಲ್ಲಿ ಅಚ್ಚಾಯಿತು. ಜರ್ಮನಿಯ ಹರ್ಮನ್ ಮೋಗ್ಲಿಂಗರು 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ಸುಮಾರು 70,000 ಶಬ್ದಗಳ ಕೋಶವನ್ನು 1894ರಲ್ಲಿ ಮುಗಿಸಿಕೊಟ್ಟರು. ಕೋಶವನ್ನು ಓದಿ ಬಂದವರಲ್ಲ ಅವರು. ಜನರ ಬಾಯಿಂದಲೂ ಓಲೆಗರಿಗಳಿಂದಲೂ ಒಂದೊಂದೇ ಶಬ್ದವನ್ನು ಕೂಡಿಸಿಕೊಂಡವರು.

ನಮ್ಮ ವಿದ್ಯಾರ್ಥಿನಿಯರು ದೊಡ್ಡ ಕೋಶಗಳನ್ನು ಬರೆಯಬೇಕಾಗಿಲ್ಲ. “ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ?” ಎಂಬ ಒಂದು ವಾಕ್ಯವನ್ನು ಆ ನಾಡಿನ ಭಾಷೆಯಲ್ಲಿ ಕಲಿತು ಹೋದರೆ, ಉಳಿದ ಶಬ್ದಗಳು ತಾವಾಗಿಯೇ ಬರುವವು. ಹೊರಡುವುದಕ್ಕೆ ಆರು ತಿಂಗಳ ಮುಂಚೆ ಒಂದು ಚಿಕ್ಕ ಪುಸ್ತಕವನ್ನು ಹೊಲಿದು, ದಿನಕ್ಕೆ ಎರಡು ಶಬ್ದಗಳಂತೆ ಬರೆಯತೊಡಗಿದರೆ, ವಿಮಾನ ಹತ್ತುವ ಹೊತ್ತಿಗೆ ಮುನ್ನೂರು ಅರುವತ್ತು ಶಬ್ದಗಳಾಗುತ್ತವೆ. ನೋವು, ನೀರು, ಸಹಾಯ, ಬೇಡ, ಓದಿ ಹೇಳಿರಿ ಎಂಬವು ಮೊದಲ ಪುಟದಲ್ಲಿರಲಿ. ತಂದೆತಾಯಿಗಳೇ, ಮಗಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯನ್ನೂ ಚಟ್ನಿಪುಡಿಯನ್ನೂ ಇಡುವಾಗ ಆ ಪುಸ್ತಕವಿದೆಯೋ ಎಂದು ಒಮ್ಮೆ ನೋಡಿರಿ. ಇಲ್ಲದಿದ್ದರೆ ಪ್ರಯಾಣವನ್ನು ಸ್ವಲ್ಪ ಕಾಲ ಮುಂದಕ್ಕೆ ಹಾಕಿದರೂ ನಷ್ಟವಿಲ್ಲ.