ಓಟದ ಗಡಿಯಾರ, ಓಡದವರ ಕೈಯಲ್ಲಿ

ಮಸರಕಲ್‌ನಿಂದ ದೇವದುರ್ಗಕ್ಕೆ ಹೊರಟ ಬಸ್ಸು ಎಷ್ಟು ವೇಗದಲ್ಲಿದೆ ಎಂದು ತಿಳಿಯಲು ಡ್ರೈವರ್ ಮುಂದಿನ ಮೀಟರನ್ನು ಇಣುಕಿ ನೋಡಬೇಕಾಗಿಲ್ಲ. ರಸ್ತೆ ಬದಿಯ ಒಂದು ಕಿಲೋಮೀಟರ್ ಕಲ್ಲು ದಾಟುವಾಗ ಗಡಿಯಾರದ ಗುಂಡಿ ಒತ್ತಿ, ಮುಂದಿನ ಕಲ್ಲು ಬಂದಾಗ ಮತ್ತೊಮ್ಮೆ ಒತ್ತಿದರೆ ಸಾಕು. ನಡುವೆ 60 ಸೆಕೆಂಡು ಹಿಡಿದಿದ್ದರೆ ವೇಗ ಗಂಟೆಗೆ 60 ಕಿ.ಮೀ., 45 ಹಿಡಿದಿದ್ದರೆ 80, 40 ಹಿಡಿದಿದ್ದರೆ 90. 3600ನ್ನು ಸೆಕೆಂಡುಗಳಿಂದ ಭಾಗಿಸುವ ಈ ಲೆಕ್ಕದ ಉತ್ತರಗಳನ್ನೆಲ್ಲ ಗಡಿಯಾರದ ಅಂಚಿನಲ್ಲೇ ಸುತ್ತಲೂ ಬರೆದಿಟ್ಟಿರುತ್ತಾರೆ. ಮುಳ್ಳು ಎಲ್ಲಿ ನಿಂತಿತೋ ಅಲ್ಲಿ ಓದಿಕೊಂಡರಾಯಿತು. ಈ ಅಂಚಿನ ಪಟ್ಟಿಗೆ ಟ್ಯಾಕಿಮೀಟರ್ ಎಂದು ಹೆಸರು. ಸ್ಟಾಪ್‌ವಾಚನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಇಂಥ ಕೈಗಡಿಯಾರವೇ ಕ್ರೋನೋಗ್ರಾಫ್. ಕಾರ್ ರೇಸಿನವರಿಗೆಂದು 1960 ಮತ್ತು 70ರ ದಶಕಗಳಲ್ಲಿ ತಯಾರಾದ ಕ್ರೋನೋಗ್ರಾಫುಗಳನ್ನು ಹುಡುಕಿ ಕೂಡಿಡುವವರು ಈಗ ಜಗತ್ತಿನ ತುಂಬ ಇದ್ದಾರೆ. ಅವರಲ್ಲಿ ಬಹುಪಾಲು ಜನ ರೇಸಿನ ಕಾರಿನಲ್ಲಿ ಕೂತವರಲ್ಲ. ಹಾಗಿದ್ದರೆ ಈ ಮೋಹ ಎಲ್ಲಿಂದ ಬಂತು? ಹಳೆಯದೆಂಬ ಕಾರಣಕ್ಕೆ, ಬೆಲೆ ಏರುತ್ತದೆಂಬ ಕಾರಣಕ್ಕೆ ಎಂದು ಸುಲಭವಾಗಿ ಹೇಳಿಬಿಡಬಹುದು. ನಿಜವಾದ ಕಾರಣ ಬೇರೆ ಎಂಬುದು ಈ ಲೇಖನದ ವಾದ: ಈ ಗಡಿಯಾರಗಳ ಮುಖದ ಮೇಲೆ ಕಾರಣವಿಲ್ಲದ ಗೆರೆಯೇ ಇಲ್ಲ.

ಕುದುರೆ ಓಟದಿಂದ ಶುರುವಾದ ಕಥೆ ಇದು. 1821ರಲ್ಲಿ ಪ್ಯಾರಿಸಿನ ಕುದುರೆ ಪಂದ್ಯದಲ್ಲಿ ನಿಕೊಲಾಸ್ ರ್‍ಯೂಸೆಕ್ ಬಳಸಿದ ಯಂತ್ರ ಡಯಲ್ ಮೇಲೆ ಮಸಿಯ ಚುಕ್ಕೆ ಇಡುತ್ತಿತ್ತು. ಹೊತ್ತನ್ನು ಬರೆಯುವುದು ಎಂಬ ಅರ್ಥದ ಗ್ರೀಕ್ ಹೆಸರು ಅಲ್ಲಿಂದ ಉಳಿದುಕೊಂಡಿತು. ಕಾರುಗಳ ಕಾಲಕ್ಕೆ ಮಸಿ ಹೋಯಿತು, ಗುಂಡಿ ಬಂತು. 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಟ್ಯಾಕಿಮೀಟರನ್ನು ಡಯಲ್‌ನಿಂದ ಹೊರಗಿನ ಬಳೆಗೆ ಸಾಗಿಸಿತು. ಚಂದ್ರನ ಮೇಲೆ ನಡೆದವರ ಕೈಗಡಿಯಾರ ಎಂದು ಅದು ಮುಂದೆ ಹೆಸರಾದರೂ ಮೊದಲು ಅದನ್ನು ಮಾಡಿದ್ದು ರೇಸಿನವರನ್ನು ಮನಸ್ಸಿನಲ್ಲಿಟ್ಟುಕೊಂಡು. 1963ರಲ್ಲಿ ಜಾಕ್ ಹಾಯರ್ ಹೊರತಂದ ಕರೇರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1950ರಿಂದ 54ರವರೆಗೆ ಮೆಕ್ಸಿಕೊದಲ್ಲಿ ನಡೆದ ಭಯಂಕರ ರಸ್ತೆ ಪಂದ್ಯದ ಹೆಸರು ಅದಕ್ಕೆ. ಗಾಜನ್ನು ಹಿಡಿದಿಡಲು ಒಳಗೆ ಕೂರಿಸಿದ ಉಂಗುರದ ಮೇಲೆಯೇ ಸೆಕೆಂಡಿನ ಐದನೇ ಒಂದು ಭಾಗದ ಗೆರೆಗಳನ್ನು ಮುದ್ರಿಸಿ, ಡಯಲನ್ನು ಅಂಗಳ ಗುಡಿಸಿದಂತೆ ಖಾಲಿ ಮಾಡಿದರು. ಐದನೇ ಒಂದು ಭಾಗವೇ ಏಕೆ? ಒಳಗಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ಮಿಡಿಯುತ್ತಿತ್ತು, ಅಂದರೆ ಸೆಕೆಂಡಿಗೆ ಐದು ಸಲ. ಮಿಡಿತಕ್ಕಿಂತ ಸಣ್ಣದನ್ನು ಗಡಿಯಾರ ಅಳೆಯಲಾರದು, ಆದ್ದರಿಂದ ಮುಖದ ಮೇಲೂ ಹೇಳಿಕೊಳ್ಳಲಿಲ್ಲ. 1969ರ ಝೆನಿತ್ ಎಲ್ ಪ್ರೈಮೆರೊ ಗಂಟೆಗೆ 36,000 ಸಲ ಮಿಡಿಯಿತು. ಹತ್ತನೇ ಒಂದು ಭಾಗ ಅಳೆಯುವ ಹಕ್ಕು ಅದಕ್ಕೆ ಬಂತು. ಜಾಹೀರಾತಿನ ಮಾತಿಗೆ ಇಷ್ಟು ಕಟ್ಟುನಿಟ್ಟು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಹಿಂಬದಿಯ ಮುಚ್ಚಳ ತೆಗೆದರೆ ಕಾಣುವ ಚಮತ್ಕಾರದಲ್ಲಿ ನನ್ನ ಮೆಚ್ಚಿನದು ಶೂನ್ಯಕ್ಕೆ ಮರಳುವ ಕ್ರಮ. ಸೆಕೆಂಡಿನ ಮುಳ್ಳು 7ರ ಬಳಿ ನಿಂತಿರಲಿ, 49ರ ಬಳಿ ನಿಂತಿರಲಿ, ಬದಿಯ ಎರಡು ಗುಂಡಿಗಳಲ್ಲಿ ಕೆಳಗಿನದನ್ನು ಒತ್ತಿದೊಡನೆ ಅದು ನೆಟ್ಟಗೆ 12ರ ಎದುರು ಬಂದು ನಿಲ್ಲಬೇಕು. ಎಷ್ಟು ಹಿಂದೆ ಸರಿಯಬೇಕು, ಎಷ್ಟು ಮುಂದೆ ಎಂದು ಲೆಕ್ಕ ಹಾಕಲು ಒಳಗೆ ಮಿದುಳಿಲ್ಲ. ಮುಳ್ಳಿನ ಅಚ್ಚಿಗೆ ಹೃದಯದ ಆಕಾರದ ಒಂದು ಪುಟ್ಟ ಬಿಲ್ಲೆ ಇದೆ. ಗುಂಡಿ ಒತ್ತಿದಾಗ ಚಪ್ಪಟೆ ಮೂತಿಯ ಸುತ್ತಿಗೆಯೊಂದು ಅದರ ಮೇಲೆ ಬೀಳುತ್ತದೆ. ಎಲ್ಲಿ ಬಿದ್ದರೂ ಬಿಲ್ಲೆ ಜಾರುತ್ತ ತಿರುಗಿ, ಹೃದಯದ ತಗ್ಗಿಗೆ ಬಂದಾಗ ಮಾತ್ರ ನಿಲ್ಲುತ್ತದೆ, ಅದರ ಜೊತೆಗೆ ಮುಳ್ಳೂ ನಿಲ್ಲುತ್ತದೆ. ಹತ್ತೊಂಬತ್ತನೇ ಶತಮಾನದ ಈ ಉಪಾಯ ಇಂದಿನ ಮೆಕ್ಯಾನಿಕಲ್ ಕ್ರೋನೋಗ್ರಾಫಿನಲ್ಲೂ ಹಾಗೇ ಇದೆ. ಲೆಕ್ಕವನ್ನೇ ಆಕಾರವಾಗಿ ಕಡೆದಿಟ್ಟ ಇಂಥ ವಸ್ತು ಕಣ್ಣಿಗೂ ಬುದ್ಧಿಗೂ ಒಟ್ಟಿಗೆ ಉಣಿಸುತ್ತದೆ. ಮೊಬೈಲಿನ ಒಳಗೆ ಇದಕ್ಕಿಂತ ಸಾವಿರ ಪಟ್ಟು ಜಾಣ್ಮೆ ಇದೆ, ಆದರೆ ತೆರೆದು ನೋಡಿದವರಿಗೆ ಅದು ಏನೂ ಹೇಳುವುದಿಲ್ಲ.

ಇದೆಲ್ಲ ಸ್ವಿಸ್ ಶ್ರೀಮಂತರ ಸಂಗತಿ, ನಮ್ಮ ಸೀಮೆಗೆ ಇದರ ಗೊಡವೆ ಯಾಕೆ ಎಂದು ಕೇಳಬಹುದು. ಉತ್ತರ ಬೆಂಗಳೂರಿನ ಜಾಲಹಳ್ಳಿಯಲ್ಲಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಅಲ್ಲಿ ಕೈಗಡಿಯಾರದ ಕಾರ್ಖಾನೆ ಆರಂಭಿಸಿತು. 1978ರಲ್ಲಿ ತುಮಕೂರಿನಲ್ಲೂ ಒಂದು ಬಂತು. ಎಚ್‌ಎಂಟಿಯ ಜನತಾ ಆಗಲಿ ಪೈಲಟ್ ಆಗಲಿ ಕ್ರೋನೋಗ್ರಾಫ್ ಅಲ್ಲ. ಆದರೆ ಕಪ್ಪು ಡಯಲ್, ದಪ್ಪ ಬಿಳಿ ಅಂಕಿ, ಕತ್ತಲಲ್ಲಿ ಹೊಳೆಯುವ ಮುಳ್ಳಿನ ಪೈಲಟ್ ಹುಟ್ಟಿದ್ದು ಅದೇ ತರ್ಕದಿಂದ: ಒಂದೇ ನೋಟಕ್ಕೆ ಓದಲು ಬರಬೇಕು. ವಿಮಾನ ಹತ್ತದ ಮೇಷ್ಟ್ರು, ಗುಮಾಸ್ತರು, ಕಂಡಕ್ಟರುಗಳು ಅದನ್ನು ಕಟ್ಟಿಕೊಂಡು ದಶಕಗಳ ಕಾಲ ಬದುಕಿದರು. ರೇಸಿಗೆ ಹೋಗದವನು ಕರೇರಾ ಕಟ್ಟುವುದು ಸೋಗು ಎನ್ನುವವರು ಈ ಪೈಲಟ್ ಬಗ್ಗೆ ಏನೆನ್ನುತ್ತಾರೆ? ಗಡಿಯಾರ ಚೆನ್ನಾಗಿ ಓದಲು ಬರುತ್ತಿತ್ತು, ಕಟ್ಟಿಕೊಂಡರು, ಅಷ್ಟೇ. ಎಚ್‌ಎಂಟಿಗೆ ಕೈಹಿಡಿದು ಕಲಿಸಿದ ಅದೇ ಸಿಟಿಜನ್ 1970ರ ದಶಕದಲ್ಲಿ ಚಾಲೆಂಜ್ ಟೈಮರ್ ಎಂಬ ಕ್ರೋನೋಗ್ರಾಫ್ ಮಾಡಿತು. ಅದರ ಒಂದು ಮಾದರಿಯಲ್ಲಿ ಎರಡೂ ಗುಂಡಿ ನೆತ್ತಿಯ ಮೇಲೆ, ಎತ್ತಿನ ಕೊಂಬಿನ ಹಾಗೆ. ಸಂಗ್ರಾಹಕರು ಅದನ್ನು ಬುಲ್‌ಹೆಡ್ ಎಂದೇ ಕರೆಯುತ್ತಾರೆ. ಕೈಯಲ್ಲಿ ಹಿಡಿದಾಗ ಬೆರಳು ಸಹಜವಾಗಿ ಹೋಗುವ ಜಾಗ ಅದು. ಪೈಲಟ್‌ಗೂ ಬುಲ್‌ಹೆಡ್‌ಗೂ ಗುರುಮನೆ ಒಂದೇ.

ಮೊಬೈಲ್ ಇದಕ್ಕಿಂತ ಕರಾರುವಾಕ್ಕಾಗಿ ಅಳೆಯುತ್ತದಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ, ಒಪ್ಪಬೇಕು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಗಳು ಅದನ್ನು ನೂರು ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ದು ಎಲ್ಲರಿಗೂ ಗೊತ್ತು. ಹಳೆಯ ಕರೇರಾ ಹಿಡಿದು ಕೂತಿದ್ದರೆ ಆ ಓಟವನ್ನು 13.6 ಎಂದಷ್ಟೇ ಓದಬಹುದಿತ್ತು. ಅದರಾಚೆಯ ಗೆರೆ 13.8. ಗುಂಡಿ ಒತ್ತುವ ಬೆರಳಿನ ತಡವೇ ಬಿಟ್ಟುಹೋದ ಆ 0.02 ಸೆಕೆಂಡಿಗಿಂತ ಹೆಚ್ಚು. ಇಂದಿನ ಯಾವ ಪಂದ್ಯಕ್ಕೂ ಈ ಗಡಿಯಾರ ಸಾಲದು. ಆದರೆ ಸಂಗ್ರಾಹಕ ಇದನ್ನು ಪಂದ್ಯ ನಡೆಸಲು ಕೊಳ್ಳುವುದಿಲ್ಲ. ಬಾವಿಯ ರಾಟೆ, ತಕ್ಕಡಿ, ಸೇರು, ಪಾವು ಎಲ್ಲ ಕೆಲಸ ಮುಗಿಸಿದ ಮೇಲೂ ಕೈಗೆತ್ತಿಕೊಂಡರೆ ತಾವೇನು ಮಾಡುತ್ತಿದ್ದೆವೆಂದು ಹೇಳುತ್ತವೆ. ಹಾಗೆಯೇ ಇದೂ.

ಹಣದ ಮಾತು ಬೇರೆ. 2017ರ ಅಕ್ಟೋಬರಿನಲ್ಲಿ ನಟ, ರೇಸ್ ಚಾಲಕ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಮಿಗಿಲಾಗಿ ಹೋಯಿತು. 1969ರ ಚೌಕಾಕಾರದ ಹಾಯರ್ ಮೊನಾಕೊ ಕೂಡ 1971ರ ‘ಲೆ ಮಾನ್ಸ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಕೈಯಲ್ಲಿ ಕಂಡದ್ದರಿಂದಲೇ ಇಷ್ಟು ದುಬಾರಿ. ಇದು ಗಡಿಯಾರದ ಬೆಲೆಯಲ್ಲ, ಕಟ್ಟಿದವರ ಹೆಸರಿನ ಬೆಲೆ; ಅಷ್ಟರ ಮಟ್ಟಿಗೆ ಟೀಕಾಕಾರರ ಮಾತು ಸರಿ. ಆದರೆ ಹೃದಯದ ಬಿಲ್ಲೆಯ ಕೆಲಸ ಡೇಟೋನಾದಲ್ಲೂ ಅದೇ, 1969ರಲ್ಲೇ ಬಂದ ಸೀಕೊ 6139ರಲ್ಲೂ ಅದೇ. ಹೆಸರು ಬಿಟ್ಟು ಕೆಲಸ ನೋಡಬಲ್ಲವರಿಗೆ ಜಪಾನಿನ ಹಳೆಯ ಕ್ರೋನೋಗ್ರಾಫುಗಳು ಎಟುಕುತ್ತವೆ, ಎಚ್‌ಎಂಟಿ ಅದಕ್ಕೂ ಅಗ್ಗ.

ಎಟುಕುವ ಬೆಲೆಯಲ್ಲೇ ಮೋಸವೂ ಹೆಚ್ಚು. ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಡಯಲ್ ಹಾಕಿ, ಯಾವುದೋ ಕೇಸಿನಲ್ಲಿ ಕೂರಿಸಿ ಮಾರುವ ಮಾಲಿಗೆ ಸಂಗ್ರಾಹಕರಲ್ಲಿ ‘ಮುಂಬೈ ಸ್ಪೆಷಲ್’ ಎಂಬ ಹೆಸರೇ ಇದೆ. ಕೇಂದ್ರ ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿದ ಮೇಲೆ ಬೇಡಿಕೆ ಏರಿತು, ನಕಲಿ ಪೈಲಟ್‌ಗಳೂ ಹೆಚ್ಚಿದವು. ಮುಖದ ಗೆರೆಗೆಲ್ಲ ಕಾರಣವಿದೆ ಎಂಬುದೇ ಆಕರ್ಷಣೆಯಾದರೆ, ಬಣ್ಣ ಬಳಿದ ಮುಖದಲ್ಲಿ ಆ ಕಾರಣವೇ ಅಳಿಸಿಹೋಗಿರುತ್ತದೆ. ಆದ್ದರಿಂದ ಕ್ರೋನೋಗ್ರಾಫ್ ಕೊಳ್ಳುವವರು ಮೊದಲು ಮೂರು ನಾಲ್ಕು ಸಲ ಓಡಿಸಿ, ನಿಲ್ಲಿಸಿ, ಶೂನ್ಯಕ್ಕೆ ಮರಳಿಸಿ, ಮುಳ್ಳು ಪ್ರತಿ ಸಲವೂ 12ಕ್ಕೇ ಬರುತ್ತದೆಯೇ ನೋಡಿ. ಮನೆಯ ಪೆಟ್ಟಿಗೆಯಲ್ಲಿ ಅಪ್ಪನದೋ ಅಜ್ಜನದೋ ಪೈಲಟ್ ಇದ್ದರೆ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕೂತ ವಾಚ್ ರಿಪೇರಿಯವರು ನಿಮ್ಮೂರಲ್ಲಿ ಇನ್ನೂ ಇರುವಾಗಲೇ ಎಣ್ಣೆ ಹಾಕಿಸಿ, ಕೀಲಿ ಕೊಡಿ. ಡಯಲ್ ಮಾಸಿದ್ದರೆ ಮಾಸಿರಲಿ, ಹೊಸ ಬಣ್ಣ ಮಾತ್ರ ಹಾಕಿಸಬೇಡಿ.