ಚಕ್ರದ ಮೇಲಿನ ಮನೆ, ಜನಜಂಗುಳಿಯ ಕಾಡು: ಯೆಲ್ಲೊಸ್ಟೋನ್ ಪ್ರವಾಸದ ಲೆಕ್ಕಾಚಾರ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ತೆರಳುವ ತಂದೆತಾಯಿಯರಾಗಲಿ, ವಾಣಿಜ್ಯ ಮೇಳ ಮುಗಿಸಿಕೊಂಡು ಒಂದು ವಾರ ಅಲ್ಲಿಯೇ ಉಳಿಯಬಯಸುವ ಉದ್ದಿಮೆದಾರರಾಗಲಿ ನೋಡಲೇಬೇಕೆಂದು ಗುರುತಿಟ್ಟುಕೊಳ್ಳುವ ತಾಣಗಳಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಒಂದು. ಮಲಗುವ ಕೋಣೆ, ಅಡುಗೆಮನೆ, ಶೌಚಾಲಯಗಳೆಲ್ಲವನ್ನೂ ಒಳಗೊಂಡ ಮೋಟರ್‌ಹೋಂ, ಅಂದರೆ ಅಲ್ಲಿನವರು ಆರ್‌ವಿ ಎಂದು ಕರೆಯುವ ವಾಹನವನ್ನು ಬಾಡಿಗೆಗೆ ಪಡೆದು ಇಡೀ ಕುಟುಂಬ ಈ ಕಾಡಿಗೆ ಹೊರಡುವ ರೂಢಿ ಅಲ್ಲಿ ಬಹುಕಾಲದಿಂದ ಇದೆ. ಮನೆಯೂಟ ಬಿಡಲಾಗದ ಹಿರಿಯರಿಗೆ ಈ ವ್ಯವಸ್ಥೆ ಅನುಕೂಲಕರವೇ ಸರಿ. ಆದರೆ ಸಿದ್ಧತೆಯಿಲ್ಲದೆ ಹೊರಟವರ ಪಾಲಿಗೆ ಇದೇ ಪ್ರವಾಸ ದುಬಾರಿಯೂ ದಣಿವಿನದೂ ಕೆಲವೊಮ್ಮೆ ಅಪಾಯದ್ದೂ ಆಗುತ್ತದೆ. ಸ್ಥಳ, ಕಾಲ, ಬಂಡವಾಳ ಮತ್ತು ನಷ್ಟಭಯ ಎಂಬ ನಾಲ್ಕು ಅಂಶಗಳನ್ನು ತೂಗಿ ನೋಡುವ ವ್ಯಾಪಾರಿಯ ದೃಷ್ಟಿ ಇಲ್ಲಿಯೂ ಅವಶ್ಯಕ.

ಬೇಡಿಕೆ ಮತ್ತು ಪೂರೈಕೆ

1872ರ ಮಾರ್ಚ್ 1ರಂದು ಅಧ್ಯಕ್ಷ ಯೂಲಿಸಿಸ್ ಗ್ರಾಂಟ್ ಅವರ ಸಹಿಯೊಂದಿಗೆ ಅಸ್ತಿತ್ವಕ್ಕೆ ಬಂದ ಯೆಲ್ಲೊಸ್ಟೋನ್, ವಯೋಮಿಂಗ್, ಮೊಂಟಾನಾ ಮತ್ತು ಐಡಾಹೊ ರಾಜ್ಯಗಳಲ್ಲಿ ಹರಡಿಕೊಂಡಿದೆ. ಇದರ ವಿಸ್ತೀರ್ಣ ಸುಮಾರು 8,980 ಚದರ ಕಿಲೋಮೀಟರ್. ಬಂಡೀಪುರ ರಾಷ್ಟ್ರೀಯ ಉದ್ಯಾನದ ಸುಮಾರು ಹತ್ತು ಪಟ್ಟು. 2021ರಲ್ಲಿ ಇಲ್ಲಿ ದಾಖಲಾದ ಭೇಟಿಗಳು 48.6 ಲಕ್ಷ, 2024ರಲ್ಲಿ 47.4 ಲಕ್ಷ. 2021ರ ಜುಲೈ ಒಂದೇ ತಿಂಗಳಿನಲ್ಲಿ ಭೇಟಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು. ಅಂದರೆ ದಿನವೊಂದಕ್ಕೆ ಸರಾಸರಿ ಮೂವತ್ತು ಸಾವಿರಕ್ಕಿಂತ ಹೆಚ್ಚು.

ಈ ಬೇಡಿಕೆಗೆ ಎದುರಾಗಿ ಉದ್ಯಾನದೊಳಗೆ ವಾಹನ ಮತ್ತು ಡೇರೆಗಳಿಗಾಗಿ ಇರುವ ಶಿಬಿರ ನಿವೇಶನಗಳು ಎರಡು ಸಾವಿರಕ್ಕಿಂತ ತುಸು ಹೆಚ್ಚು ಮಾತ್ರ. ಅವುಗಳಲ್ಲಿಯೂ ನೀರು, ವಿದ್ಯುತ್, ಒಳಚರಂಡಿ ಈ ಮೂರರ ಸಂಪರ್ಕವೂ ನಿವೇಶನದಲ್ಲಿಯೇ ದೊರೆಯುವುದು ಸರೋವರದ ಉತ್ತರ ತೀರದ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲಿಯೇ. ಗ್ರಿಜ್ಲಿ ಕರಡಿಗಳ ಓಡಾಟವಿರುವ ಪ್ರದೇಶವಾದ್ದರಿಂದ ಅಲ್ಲಿ ಗಟ್ಟಿ ಗೋಡೆಯ ವಾಹನಗಳಿಗಷ್ಟೇ ಪ್ರವೇಶ; ಬಟ್ಟೆಯ ಡೇರೆಗಳಿಗೆ ಅವಕಾಶವಿಲ್ಲ.

ಶಿಬಿರದ ಹೊರಗೆ ರಸ್ತೆಬದಿಯಲ್ಲಿ, ವಾಹನ ನಿಲುಗಡೆಯ ತಾಣದಲ್ಲಿ ರಾತ್ರಿ ಕಳೆಯುವುದನ್ನು ಉದ್ಯಾನದ ನಿಯಮ ನಿಷೇಧಿಸುತ್ತದೆ. ಹೇಗೂ ವಾಹನದಲ್ಲಿಯೇ ಹಾಸಿಗೆಯಿದೆ, ಎಲ್ಲಿಯಾದರೂ ನಿಲ್ಲಿಸಿದರಾಯಿತು ಎಂಬ ಭಾವನೆಯಿಂದ ಬಂದವರು ಕತ್ತಲಾದ ಮೇಲೆ ದೂರದ ಊರಿಗೆ ಮರಳಬೇಕಾಗುತ್ತದೆ. ಆದ್ದರಿಂದ ವಿಮಾನದ ಟಿಕೆಟಿಗಿಂತ ಮೊದಲು ನಿವೇಶನವನ್ನು ಕಾಯ್ದಿರಿಸುವುದು ಲೇಸು. ಖಾಸಗಿ ಗುತ್ತಿಗೆದಾರ ಸಂಸ್ಥೆ ನಡೆಸುವ ದೊಡ್ಡ ಶಿಬಿರಗಳಿಗೆ ಸುಮಾರು ಒಂದು ವರ್ಷ ಮೊದಲೇ ಕಾಯ್ದಿರಿಸುವಿಕೆ ಆರಂಭವಾಗುತ್ತದೆ. ಕಾಯ್ದಿರಿಸುವಾಗ ವಾಹನದ ಉದ್ದವನ್ನು, ಅದಕ್ಕೆ ಕಟ್ಟಿ ಎಳೆಯುವ ಕಾರಿದ್ದರೆ ಅದನ್ನೂ ಸೇರಿಸಿ, ಅಡಿಗಳಲ್ಲಿ ಸರಿಯಾಗಿ ನಮೂದಿಸಬೇಕು.

ವಾಹನದ ಆಯ್ಕೆ ಮತ್ತು ಖರ್ಚು

ಬಸ್ಸಿನಷ್ಟು ದೊಡ್ಡದಾದದ್ದು ಕ್ಲಾಸ್ ಎ, ವ್ಯಾನನ್ನೇ ಮಾರ್ಪಡಿಸಿದ್ದು ಕ್ಲಾಸ್ ಬಿ, ಲಾರಿಯ ಚಾಸಿಯ ಮೇಲೆ ಕಟ್ಟಿದ ನಡುಗಾತ್ರದ್ದು ಕ್ಲಾಸ್ ಸಿ ಎಂದು ಮೋಟರ್‌ಹೋಂಗಳಲ್ಲಿ ಮೂರು ವರ್ಗಗಳಿವೆ. ನಾಲ್ಕೈದು ಜನರ ಕುಟುಂಬಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಕ್ಲಾಸ್ ಸಿ. ಅಲ್ಲಿ ಚಾಲಕನ ಆಸನ ಎಡಕ್ಕೆ, ಸಂಚಾರ ರಸ್ತೆಯ ಬಲಕ್ಕೆ. ಕಾರನ್ನಷ್ಟೇ ಓಡಿಸಿ ಅಭ್ಯಾಸವಿರುವವರು ಮೊದಲ ದಿನವೇ ದೂರದ ಪಯಣವನ್ನು ಇಟ್ಟುಕೊಳ್ಳದೆ ಬಯಲು ಜಾಗದಲ್ಲಿ ಹಿಂದಕ್ಕೆ ತೆಗೆಯುವುದನ್ನೂ ತಿರುಗಿಸುವುದನ್ನೂ ಕಲಿತುಕೊಳ್ಳಬೇಕು. ಕರ್ನಾಟಕದಿಂದ ಹೋಗುವ ಚಾಲಕರು ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಅದರ ಅವಧಿ ಒಂದು ವರ್ಷ.

ಬಾಡಿಗೆಯ ಜಾಹೀರಾತಿನಲ್ಲಿ ಕಾಣುವ ದಿನದ ದರ ಖರ್ಚಿನ ಒಂದು ಭಾಗ ಮಾತ್ರ. ಮೈಲಿಗೆ ಇಷ್ಟೆಂಬ ದರ, ಜನರೇಟರ್ ಬಳಕೆಯ ಗಂಟೆಯ ದರ, ಹಾಸಿಗೆ ಹೊದಿಕೆ ಮತ್ತು ಪಾತ್ರೆಗಳ ಬಾಡಿಗೆ, ವಿಮೆ, ಮುಂಗಡ ಠೇವಣಿ ಇವೆಲ್ಲ ಪ್ರತ್ಯೇಕವಾಗಿರಬಹುದು. ಛಾವಣಿಗೆ ಅಥವಾ ತಳಭಾಗಕ್ಕೆ ಆಗುವ ಹಾನಿಯನ್ನು ವಿಮೆಯಿಂದ ಹೊರಗಿಡುವ ಕರಾರುಗಳೂ ಉಂಟು. ಸಹಿ ಹಾಕುವ ಮುನ್ನ ಕರಾರನ್ನು ಪೂರ್ತಿ ಓದುವ ವ್ಯಾಪಾರಿಯ ಅಭ್ಯಾಸ ಇಲ್ಲಿ ಹಣವನ್ನು ಉಳಿಸುತ್ತದೆ.

ಇಂಧನದ ಲೆಕ್ಕವನ್ನು ಉದಾಹರಣೆಯಿಂದ ತಿಳಿಯಬಹುದು. ಕ್ಲಾಸ್ ಸಿ ವಾಹನ ಲೀಟರಿಗೆ ಸುಮಾರು 4 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಂಡರೆ, ಎಂಟರ ಆಕಾರದಲ್ಲಿರುವ ಉದ್ಯಾನದ 229 ಕಿಲೋಮೀಟರ್ ಉದ್ದದ ಗ್ರಾಂಡ್ ಲೂಪ್ ರಸ್ತೆಯನ್ನು ಒಮ್ಮೆ ಸುತ್ತಲು 57 ಲೀಟರ್ ಬೇಕು. ಸಾಲ್ಟ್ ಲೇಕ್ ಸಿಟಿಯಿಂದ ಉದ್ಯಾನದ ಪಶ್ಚಿಮ ದ್ವಾರಕ್ಕೆ ಸುಮಾರು 500 ಕಿಲೋಮೀಟರ್. ಹೋಗಿಬರಲು ಸಾವಿರ, ಒಳಗಿನ ಓಡಾಟಕ್ಕೆ ಆರುನೂರು ಎಂದರೆ ಒಟ್ಟು 400 ಲೀಟರ್ ಪೆಟ್ರೋಲು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಉದ್ಯಾನದ ಉತ್ತರ ದ್ವಾರಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿರುವ ಬೋಜ್‌ಮನ್ ನಗರದಲ್ಲಿ ವಾಹನ ಪಡೆಯುವುದು ಕೆಲವೊಮ್ಮೆ ಅಗ್ಗವಾಗುವುದು ಈ ಕಾರಣದಿಂದಲೇ.

ವಿದೇಶಿಯರಿಗೆ ಹೊಸ ಶುಲ್ಕ

ಖಾಸಗಿ ವಾಹನವೊಂದಕ್ಕೆ ಏಳು ದಿನಗಳ ಪ್ರವೇಶ ಶುಲ್ಕ 35 ಡಾಲರ್. ಇದರೊಂದಿಗೆ 2026ರ ಜನವರಿ 1ರಿಂದ ಯೆಲ್ಲೊಸ್ಟೋನ್ ಸೇರಿದಂತೆ ಹನ್ನೊಂದು ಜನಪ್ರಿಯ ರಾಷ್ಟ್ರೀಯ ಉದ್ಯಾನಗಳಲ್ಲಿ, ವಾರ್ಷಿಕ ಪಾಸ್ ಇಲ್ಲದ ವಿದೇಶಿ ಪ್ರವಾಸಿಗರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಜಾರಿಗೆ ಬಂದಿದೆ. ಅಮೆರಿಕದ ನಿವಾಸಿಗಳಿಗೆ ವಾರ್ಷಿಕ ಪಾಸಿನ ಬೆಲೆ 80 ಡಾಲರ್ ಆದರೆ ಇತರರಿಗೆ 250 ಡಾಲರ್. ದಕ್ಷಿಣಕ್ಕೆ ಹೊಂದಿಕೊಂಡಿರುವ ಗ್ರಾಂಡ್ ಟೀಟನ್ ಉದ್ಯಾನವೂ ಆ ಹನ್ನೊಂದರಲ್ಲಿ ಒಂದು. ಒಬ್ಬರೇ ಪ್ರವಾಸಿ ಎರಡೂ ಉದ್ಯಾನಗಳನ್ನು ನೋಡಿದರೂ ಬಿಡಿಬಿಡಿಯಾಗಿ ತೆರುವ ಮೊತ್ತ 270 ಡಾಲರ್ ಆಗುತ್ತದೆ. ಅಲ್ಲಿಗೆ ಪಾಸ್ ಕೊಳ್ಳುವುದೇ ಲಾಭಕರ. ಊರಿನಿಂದ ಬಂದ ಹಿರಿಯರು ಮತ್ತು ಅಲ್ಲಿಯೇ ನೆಲೆಸಿರುವ ಮಕ್ಕಳು ಒಂದೇ ವಾಹನದಲ್ಲಿ ಹೋಗುವಾಗ ಯಾರಿಗೆ ಯಾವ ದರ ಅನ್ವಯಿಸುತ್ತದೆಂಬುದನ್ನು ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಪ್ರಾಣಿಗಳು ಎಲ್ಲಿ, ಯಾವಾಗ

ಬಂಡೀಪುರ, ನಾಗರಹೊಳೆಗಳ ಸಫಾರಿಯಲ್ಲಿ ಪ್ರವಾಸಿಗನ ಕೆಲಸ ಕುಳಿತು ನೋಡುವುದಷ್ಟೇ. ದಾರಿಯನ್ನೂ ಅಂತರವನ್ನೂ ಬಲ್ಲ ಚಾಲಕ ಜೊತೆಗಿರುತ್ತಾನೆ. ಯೆಲ್ಲೊಸ್ಟೋನಿನಲ್ಲಿ ವಾಹನವೂ ಸ್ವಂತದ್ದು, ಹೊಣೆಯೂ ಸ್ವಂತದ್ದು. ಆದ್ದರಿಂದ ಪ್ರಾಣಿಗಳ ದಿನಚರಿಯನ್ನು ಪ್ರವಾಸಿಗನೇ ತಿಳಿದಿರಬೇಕು.

ಪ್ರಾಣಿವೀಕ್ಷಣೆಗೆ ಎರಡು ಕಣಿವೆಗಳು ಮುಖ್ಯ. ಫಿಶಿಂಗ್ ಬ್ರಿಡ್ಜ್ ಮತ್ತು ಕ್ಯಾನ್ಯನ್ ನಡುವಿನ ಹೇಡನ್ ಕಣಿವೆಯಲ್ಲಿ ಬೈಸನ್ ಹಿಂಡುಗಳೂ ಗ್ರಿಜ್ಲಿ ಕರಡಿಗಳೂ ಕಾಣಸಿಗುತ್ತವೆ. ಈಶಾನ್ಯ ಭಾಗದ ಲಮಾರ್ ಕಣಿವೆ ತೋಳಗಳಿಗೆ ಹೆಸರಾದದ್ದು. 1920ರ ದಶಕದ ಹೊತ್ತಿಗೆ ಉದ್ಯಾನದಿಂದ ಪೂರ್ತಿ ನಿರ್ಮೂಲವಾಗಿದ್ದ ತೋಳಗಳನ್ನು 1995 ಮತ್ತು 1996ರಲ್ಲಿ ಕೆನಡಾದಿಂದ ತಂದು ಬಿಡಲಾಯಿತು. ಇಂದು ದೂರದರ್ಶಕಗಳೊಡನೆ ಮುಂಜಾನೆಯೇ ಬಂದು ನಿಲ್ಲುವ ವೀಕ್ಷಕರು ಅವುಗಳ ಸಲುವಾಗಿಯೇ ಬರುತ್ತಾರೆ.

ಏಪ್ರಿಲ್ ಮತ್ತು ಮೇ ಬೈಸನ್ ಕರುಗಳು ಹುಟ್ಟುವ ಕಾಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬೈಸನ್‌ಗಳ ಬೆದೆಗಾಲ; ಗೂಳಿಗಳ ಕಾದಾಟ ಕಾಣುವುದು ಆಗ. ನಮ್ಮ ಕಡವೆಯನ್ನು ನೆನಪಿಸುವ ಎಲ್ಕ್ ಜಿಂಕೆಗಳ ಬೆದೆಗಾಲ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ. ಶಾಲಾ ರಜೆಯ ಕಟ್ಟುಪಾಡಿಲ್ಲದವರಿಗೆ ಸೆಪ್ಟೆಂಬರ್ ಉತ್ತಮ: ಜುಲೈಗೆ ಹೋಲಿಸಿದರೆ ಜನ ಕಡಿಮೆ, ಹವೆ ತಂಪು. ನವೆಂಬರ್ ಆರಂಭದಿಂದ ಏಪ್ರಿಲ್ ನಡುವಿನವರೆಗೆ ಉತ್ತರ ಮತ್ತು ಈಶಾನ್ಯ ದ್ವಾರಗಳ ನಡುವಿನ ರಸ್ತೆಯೊಂದನ್ನು ಬಿಟ್ಟು ಉಳಿದವು ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತವೆ.

ಯಾವ ತಿಂಗಳಾದರೂ ಪ್ರಾಣಿವೀಕ್ಷಣೆಗೆ ಪ್ರಶಸ್ತವಾದುದು ಬೆಳಗಿನ ಜಾವ ಮತ್ತು ಸಂಜೆ. ಹತ್ತು ಗಂಟೆಯಿಂದ ನಾಲ್ಕರವರೆಗೆ ಓಲ್ಡ್ ಫೇತ್‌ಫುಲ್ ಮೊದಲಾದ ತಾಣಗಳ ವಾಹನ ನಿಲುಗಡೆ ಭರ್ತಿಯಾಗಿರುತ್ತದೆ. ಉದ್ದನೆಯ ಮೋಟರ್‌ಹೋಂಗಂತೂ ಸ್ಥಳ ಸಿಗುವುದು ಕಷ್ಟ. ಮೇಲಾಗಿ ಪ್ರತಿದಿನ ಬೆಳಿಗ್ಗೆ ನೀರಿನ ಕೊಳವೆ, ವಿದ್ಯುತ್ ತಂತಿಗಳನ್ನು ಕಳಚಿ, ಪಾತ್ರೆಪಡಗಗಳನ್ನು ಭದ್ರಪಡಿಸಿ ಇಡೀ ಮನೆಯನ್ನೇ ಹೊರಡಿಸುವಷ್ಟರಲ್ಲಿ ಸೂರ್ಯ ಮೇಲೇರಿರುತ್ತಾನೆ. ಮೋಟರ್‌ಹೋಂ ಅನ್ನು ಶಿಬಿರದಲ್ಲಿಯೇ ಬಿಟ್ಟು, ಜೊತೆಗೆ ತಂದ ಚಿಕ್ಕ ಕಾರಿನಲ್ಲಾಗಲಿ ಮಾರ್ಗದರ್ಶಕರಿರುವ ಪ್ರವಾಸಿ ವಾಹನದಲ್ಲಾಗಲಿ ನಸುಕಿಗೇ ಹೊರಡುವವರಿಗೆ ಹೆಚ್ಚು ಪ್ರಾಣಿಗಳು ಕಾಣುತ್ತವೆ. ಮೂರು ರಾತ್ರಿ ಫಿಶಿಂಗ್ ಬ್ರಿಡ್ಜ್‌ನಲ್ಲಿ, ಎರಡು ರಾತ್ರಿ ಉತ್ತರ ದ್ವಾರದ ಗಾರ್ಡಿನರ್ ಊರಿನಲ್ಲಿ ತಂಗಿದರೆ ಎರಡೂ ಕಣಿವೆಗಳು ಹತ್ತಿರವಾಗುತ್ತವೆ. ಇವೆರಡರ ನಡುವೆ ಸುಮಾರು 2,700 ಮೀಟರ್ ಎತ್ತರದ ಡನ್‌ರೇವನ್ ಕಣಿವೆಮಾರ್ಗದ ಏರುತಿರುವುಗಳಿವೆ. ದೊಡ್ಡ ವಾಹನವನ್ನು ಹಗಲಿನಲ್ಲಿಯೇ ನಿಧಾನವಾಗಿ ದಾಟಿಸಬೇಕು.

ಅಂತರವೇ ರಕ್ಷಣೆ

ಕರಡಿ ಮತ್ತು ತೋಳಗಳಿಂದ ಕನಿಷ್ಠ 91 ಮೀಟರ್, ಬೈಸನ್, ಎಲ್ಕ್ ಮುಂತಾದವುಗಳಿಂದ ಕನಿಷ್ಠ 23 ಮೀಟರ್ ದೂರವಿರಬೇಕೆಂಬುದು ಉದ್ಯಾನದ ಕಾನೂನು. ಹಸುವಿನಂತೆ ಸಾಧುವಾಗಿ ಮೇಯುವ ಬೈಸನ್, ಮನುಷ್ಯನ ಮೂರು ಪಟ್ಟು ವೇಗದಲ್ಲಿ ಓಡಬಲ್ಲದು; ಯೆಲ್ಲೊಸ್ಟೋನಿನಲ್ಲಿ ಅತಿ ಹೆಚ್ಚು ಜನರನ್ನು ಗಾಯಗೊಳಿಸಿರುವ ಪ್ರಾಣಿಯೂ ಅದೇ. ಮಲೆನಾಡಿನ ಕಾಟಿಯ ಸ್ವಭಾವವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರುಣೆಯೂ ಕೇಡಾಗಬಹುದೆಂಬುದಕ್ಕೆ 2016ರ ಮೇ ತಿಂಗಳ ಘಟನೆ ಸಾಕ್ಷಿ. ಚಳಿಗೆ ನಡುಗುತ್ತಿದೆಯೆಂದು ಭಾವಿಸಿ ಪ್ರವಾಸಿಗರು ಬೈಸನ್ ಕರುವೊಂದನ್ನು ಕಾರಿನಲ್ಲಿ ಹಾಕಿಕೊಂಡು ಬಂದರು. ಅದನ್ನು ಮತ್ತೆ ಹಿಂಡಿಗೆ ಸೇರಿಸುವ ಯತ್ನಗಳು ಫಲಿಸದೆ, ಕೊನೆಗೆ ಸಿಬ್ಬಂದಿ ಆ ಕರುವನ್ನು ದಯಾಮರಣಕ್ಕೆ ಒಪ್ಪಿಸಬೇಕಾಯಿತು.

ಆಹಾರದ ವಿಷಯದಲ್ಲಿಯೂ ಎಚ್ಚರ ಅಗತ್ಯ. ರಸ್ತೆಬದಿಯಲ್ಲಿ ಕರಡಿಗಳಿಗೆ ತಿಂಡಿ ನೀಡುವುದು ಒಂದು ಕಾಲದಲ್ಲಿ ಅಲ್ಲಿ ವಿನೋದವೆನಿಸಿತ್ತು. ಅದರಿಂದ ಜನರಿಗೆ ಗಾಯ, ಕರಡಿಗಳಿಗೆ ಸಾವು ಎಂಬುದು ಅರಿವಾಗಿ 1970ರ ಹೊತ್ತಿಗೆ ಆ ಪದ್ಧತಿಯನ್ನೂ ತೆರೆದ ಕಸದ ಗುಂಡಿಗಳನ್ನೂ ನಿಲ್ಲಿಸಲಾಯಿತು. ಒಗ್ಗರಣೆಯ ಘಮ ಮನೆಯವರಿಗೆ ಹಿತವಾದರೆ ಕರಡಿಗೆ ಆಮಂತ್ರಣ. ಅಡುಗೆಯ ಪಾತ್ರೆ, ಕಸದ ಚೀಲ, ತಣ್ಣಗಿನ ಪೆಟ್ಟಿಗೆ ಯಾವುದನ್ನೂ ವಾಹನದ ಹೊರಗೆ ಬಿಡಬಾರದು. ಕಾಲ್ನಡಿಗೆಯಲ್ಲಿ ಹೋಗುವಾಗ ಕರಡಿ ನಿರೋಧಕ ಸ್ಪ್ರೇ ಕೈಗೆಟುಕುವಂತಿರಬೇಕು. ಪ್ರಾಣಿ ಕಂಡಾಗ ರಸ್ತೆಯ ಮಧ್ಯದಲ್ಲಿಯೇ ನಿಲ್ಲದೆ, ಬದಿಯ ನಿಲುಗಡೆಯಲ್ಲಿ ಪೂರ್ತಿಯಾಗಿ ಒಳಸೇರಿಸಿ ನಿಲ್ಲಿಸಬೇಕು.

2022ರ ಪ್ರವಾಹದ ಪಾಠ

2022ರ ಜೂನ್ 13ರಂದು ಬಂದ ಪ್ರವಾಹಕ್ಕೆ ಉದ್ಯಾನದ ಉತ್ತರ ಭಾಗದ ರಸ್ತೆ ಹಲವೆಡೆ ಕೊಚ್ಚಿಹೋಯಿತು. ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ತೆರವುಗೊಳಿಸಿ ಐದೂ ದ್ವಾರಗಳನ್ನು ಮುಚ್ಚಲಾಯಿತು. ಜೂನ್ 22ರಂದು ದಕ್ಷಿಣ ಭಾಗ ತೆರೆದಾಗ ವಾಹನಗಳ ನೋಂದಣಿ ಫಲಕದ ಕೊನೆಯ ಅಂಕಿಯ ಪ್ರಕಾರ ಸಮ, ಬೆಸ ದಿನಗಳ ಪದ್ಧತಿಯನ್ನು ಕೆಲವು ದಿನ ಅನುಸರಿಸಲಾಯಿತು. ಒಳಗೆ ತಂಗಲು ಕಾಯ್ದಿರಿಸಿದವರಿಗೆ ಈ ನಿರ್ಬಂಧದಿಂದ ವಿನಾಯಿತಿಯಿತ್ತು. ಕಾಯ್ದಿರಿಸಿದ ಚೀಟಿಯ ಬೆಲೆ ಬಿಕ್ಕಟ್ಟಿನಲ್ಲಿ ಇನ್ನೂ ಹೆಚ್ಚುತ್ತದೆಂಬುದು ಪ್ರವಾಸಿಗನಿಗೆ ಇದರ ಪಾಠ; ರದ್ದತಿಯ ನಿಯಮಗಳನ್ನು ಮೊದಲೇ ತಿಳಿದುಕೊಂಡಿರಬೇಕೆಂಬುದು ಇನ್ನೊಂದು.

ದ್ವಾರದ ಊರುಗಳ ವರ್ತಕರಿಗಾದರೋ ಪೆಟ್ಟು ತೀವ್ರವಾಗಿತ್ತು. ಗಾರ್ಡಿನರ್ ಊರಿನ ಎದುರಿನ ಉತ್ತರ ದ್ವಾರ ಸಾಮಾನ್ಯ ವಾಹನಗಳಿಗೆ ತೆರೆದದ್ದು ಅಕ್ಟೋಬರ್ ಕೊನೆಗೆ. ಅಷ್ಟರಲ್ಲಿ ವರ್ಷದ ದುಡಿಮೆಯ ಕಾಲವೇ ಮುಗಿದಿತ್ತು. ಆ ವರ್ಷ ಇಡೀ ಉದ್ಯಾನದ ಭೇಟಿಗಳು 32.9 ಲಕ್ಷಕ್ಕೆ ಇಳಿದವು. ಮರುವರ್ಷ, ಅಂದರೆ 2023ರಲ್ಲಿ, ಪ್ರವಾಸಿಗರು ಸುತ್ತಲಿನ ಊರುಗಳಲ್ಲಿ 62 ಕೋಟಿ ಡಾಲರಿಗೂ ಹೆಚ್ಚು ವೆಚ್ಚ ಮಾಡಿದರೆಂದು ರಾಷ್ಟ್ರೀಯ ಉದ್ಯಾನ ಸೇವೆ ಅಂದಾಜಿಸಿತು. ಒಂದು ರಸ್ತೆ, ಒಂದು ಋತು, ಒಂದೇ ಆಕರ್ಷಣೆಯನ್ನು ನೆಚ್ಚಿಕೊಂಡ ವ್ಯಾಪಾರ ಎಷ್ಟು ಸಂಪನ್ನವಾಗಿ ಕಂಡರೂ ಎಷ್ಟು ನಾಜೂಕಾದದ್ದು ಎಂಬುದಕ್ಕೆ ಇದು ನಿದರ್ಶನ.

ಕ್ಯಾರವಾನ್ ಪ್ರವಾಸದತ್ತ ಒಲವು ತೋರುತ್ತಿರುವ ಕರ್ನಾಟಕದ ಉದ್ದಿಮೆದಾರರೂ ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಯೆಲ್ಲೊಸ್ಟೋನಿನಲ್ಲಿ ಕೊರತೆಯಿರುವುದು ವಾಹನಗಳಿಗಲ್ಲ. ನೀರು, ವಿದ್ಯುತ್ ಮತ್ತು ಕೊಳಚೆ ವಿಲೇವಾರಿಯ ವ್ಯವಸ್ಥೆಯುಳ್ಳ ನಿವೇಶನಗಳಿಗೆ. ಅಂತಹ ನಿವೇಶನಗಳು ಕಾಡಿನೊಳಗೆ ಬೆಳೆಯಲಾರವು, ಬೆಳೆಯಲೂ ಬಾರದು. ಕಾಡಿನ ಅಂಚಿನ ಊರುಗಳಲ್ಲಿ ಅವು ಸಿದ್ಧವಾದಲ್ಲಿ ಪ್ರವಾಸಿಗನಿಗೆ ತಂಗಲು ನೆಲೆಯೂ ಸ್ಥಳೀಯ ವರ್ತಕನಿಗೆ ವ್ಯಾಪಾರವೂ ದೊರೆಯುತ್ತವೆ. ಪ್ರಾಣಿಗಳಿಗೆ ಅವುಗಳ ನೆಲೆ ಉಳಿದರೆ ಮಾತ್ರ ಈ ಎರಡೂ ಉಳಿಯುತ್ತವೆ.